ನಮಸ್ಕಾರಕ್ಕೂ ಬಂದೂಕಿಗೂ ಒಂದೇ ಗುಂಡಿ

ರೆಡ್ ಡೆಡ್ ರಿಡೆಂಪ್ಷನ್ 2 ಎಂಬ ವಿಡಿಯೋ ಆಟವನ್ನು ಹೊಗಳದವರು ಸಿಗುವುದು ಕಷ್ಟ. 2018ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಈ ಆಟಕ್ಕೆ, ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ನೂರಕ್ಕೆ 97 ತೋರಿಸುತ್ತದೆ. ಅದೇ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಕಥನಕ್ಕೂ ಸಂಗೀತಕ್ಕೂ ನಾಯಕನಿಗೆ ದನಿ ಕೊಟ್ಟ ರೋಜರ್ ಕ್ಲಾರ್ಕ್ ಅವರ ಅಭಿನಯಕ್ಕೂ ಪ್ರಶಸ್ತಿ ಬಂದಿತು. ಈ ಹೊಗಳಿಕೆಯಲ್ಲಿ ಬಹುಪಾಲು ನಿಜವೇ ಎಂಬುದನ್ನು ಒಪ್ಪಿಕೊಂಡೇ, ಒಂದು ಭಾನುವಾರ ಆ ಆಟ ನನ್ನ ಬೆರಳುಗಳನ್ನು ಕಾಡಿದ ಬಗೆಯನ್ನು ಹೇಳಬೇಕಾಗಿದೆ.

ಬಳ್ಳಾರಿಯ ಮೇ ತಿಂಗಳಲ್ಲಿ ಮಧ್ಯಾಹ್ನ ಮನೆಯಿಂದ ಹೊರಗೆ ಹೋಗುವ ಮಾತೇ ಇಲ್ಲ. ನಾನು ಮೇಲ್ವಿಚಾರಕನಾಗಿರುವ ಜೀನ್ಸ್ ಹೊಲಿಗೆ ಘಟಕಕ್ಕೆ ಅಂದು ವಾರದ ರಜೆ. ಕೌಲ್ ಬಜಾರಿನ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಕೂಲರ್ ಎದುರು ಕುಳಿತಿದ್ದಾಗ, ಅವಳ ಮಗ ತಾನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಪ್ಲೇಸ್ಟೇಷನ್ 4 ಎಂಬ ಆಟದ ಯಂತ್ರದ ಗುಂಡಿಗಳಿರುವ ಕಂಟ್ರೋಲರನ್ನು ನನ್ನ ಕೈಗಿತ್ತ. ಆಟದ ಮೊದಲ ಅಧ್ಯಾಯ ಹಿಮದಲ್ಲಿ ನಡೆಯುತ್ತದೆ. ಮೊಣಕಾಲುದ್ದದ ಮಂಜಿನಲ್ಲಿ ಕುದುರೆಗಳು ಏದುಸಿರು ಬಿಡುತ್ತಾ ಸಾಗುವುದನ್ನು ನಾವು ಬೆವರು ಒರೆಸಿಕೊಳ್ಳುತ್ತಾ ನೋಡಿದೆವು.

ಕಾಲ 1899, ದೇಶ ಅಮೆರಿಕ. ಡಕಾಯಿತರ ಕೂಟವೊಂದರಲ್ಲಿರುವ ಆರ್ಥರ್ ಮಾರ್ಗನ್ ಎಂಬವನಾಗಿ ನಾವು ಆಡಬೇಕು. ಅವನ ಗಡ್ಡ ದಿನಕಳೆದಂತೆ ಬೆಳೆಯುತ್ತದೆ, ಒರೆಸದೆ ಬಿಟ್ಟ ಬಂದೂಕು ಹಾಳಾಗುತ್ತದೆ, ಬೇಟೆಯಾಡಿ ಬಿಟ್ಟ ಪ್ರಾಣಿ ಕೊಳೆಯುತ್ತದೆ. ಚಳಿಗೆ ಗಂಡುಕುದುರೆಯ ವೃಷಣ ಕುಗ್ಗುವುದನ್ನು ಕೂಡ ತಯಾರಕರು ಬಿಟ್ಟಿಲ್ಲ. ಇಷ್ಟೊಂದು ಕಡೆ ಕಣ್ಣು ಹಾಯಿಸಿದವರು ಆಡುವವನ ಹತ್ತು ಬೆರಳುಗಳನ್ನು ಮಾತ್ರ ಹೇಗೆ ಮರೆತರು ಎಂಬುದೇ ನನ್ನ ತಕರಾರು.

ಹಿಮದಿಂದ ಇಳಿದು ವ್ಯಾಲೆಂಟೈನ್ ಎಂಬ ಕೆಸರುಬೀದಿಯ ಊರಿಗೆ ಬಂದಾಗ ತೊಂದರೆ ಶುರುವಾಯಿತು. ಈ ಆಟದಲ್ಲಿ ದಾರಿಹೋಕರೆಲ್ಲರನ್ನೂ ಮಾತನಾಡಿಸಬಹುದು. ಅದಕ್ಕಾಗಿ ಆ ವ್ಯಕ್ತಿಯ ಕಡೆ ತಿರುಗಿ ಎಡಗೈ ತೋರುಬೆರಳಿನ ಕೆಳಗಿರುವ ಎಲ್2 ಗುಂಡಿಯನ್ನು ಒತ್ತಿ ಹಿಡಿಯಬೇಕು. ಆಗ ಚೌಕದ ಗುಂಡಿಗೆ ನಮಸ್ಕಾರ, ವೃತ್ತದ ಗುಂಡಿಗೆ ಜಗಳ. ಆದರೆ ಕೈಯಲ್ಲಿ ಆಯುಧವಿದ್ದರೆ ಅದೇ ಎಲ್2 ಗುರಿ ಹಿಡಿಯುವ ಗುಂಡಿಯಾಗಿ ಬದಲಾಗುತ್ತದೆ. ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದ ಮುದುಕನೊಬ್ಬನಿಗೆ ನಮಸ್ಕಾರ ಹೇಳಲೆಂದು ನಾನು ಎಲ್2 ಒತ್ತಿದ್ದೇ ತಡ, ಆರ್ಥರ್ ಪಿಸ್ತೂಲನ್ನು ನೆಟ್ಟಗೆ ಅವನ ಎದೆಗೆ ಹಿಡಿದುಬಿಟ್ಟ. ಮುದುಕ ಚೀರಿದ. ಬೀದಿಯಲ್ಲಿದ್ದ ಹೆಂಗಸೊಬ್ಬಳು ಓಡತೊಡಗಿದಳು.

“ಎಲ್2 ಬಿಡು ಮಾಮಾ! ಕೈಯಾಗ ಪಿಸ್ತೂಲು ಐತಿ!” ಎಂದು ಹುಡುಗ ಕೂಗಿದ. ಬಿಟ್ಟೆ. ಆದರೆ ಅಷ್ಟರಲ್ಲಿ ಯಾರೋ ಸಾಕ್ಷಿ ದೂರು ಕೊಡಲು ಹೊರಟಾಗಿತ್ತು.

ಊರು ಬಿಟ್ಟು ಹೋಗೋಣವೆಂದು ಕುದುರೆಯ ಕಡೆ ಧಾವಿಸಿದೆ. ಧಾವಿಸಿದೆ ಎಂದರೆ, ಎಕ್ಸ್ ಗುಂಡಿಯನ್ನು ಹೆಬ್ಬೆರಳಿನಿಂದ ಒಂದೇ ಸಮನೆ ಕುಟ್ಟುತ್ತಾ ಹೋದೆ. ಜೋರಾಗಿ ಓಡಲು ಹಾಗೆ ಕುಟ್ಟಲೇಬೇಕು, ಕುದುರೆಯನ್ನು ಓಡಿಸಲೂ ಕುಟ್ಟಲೇಬೇಕು. ಕುದುರೆ ಹತ್ತುವುದಕ್ಕೆ ತ್ರಿಕೋನದ ಗುಂಡಿ. ಅದೇ ತ್ರಿಕೋನ, ಪಕ್ಕದಲ್ಲಿ ಮನುಷ್ಯನಿದ್ದರೆ ಅವನನ್ನು ಹಿಡಿದು ಕೆಡವುವ ಗುಂಡಿಯೂ ಹೌದು. ಕುದುರೆಯ ಮಗ್ಗುಲಲ್ಲಿ ತನ್ನ ಪಾಡಿಗೆ ಹಾದುಹೋಗುತ್ತಿದ್ದವನೊಬ್ಬನನ್ನು ಆರ್ಥರ್ ತಬ್ಬಿ ಕೆಸರಿಗೆ ಉರುಳಿಸಿದ. ಅಲ್ಲಿಂದ ಮುಂದೆ ಶೆರೀಫನ ಕಡೆಯವರು ಬಂದರು, ಗುಂಡು ಹಾರಿತು, ನನ್ನ ತಲೆಯ ಮೇಲೆ ಬಹುಮಾನ ಕಟ್ಟಲಾಯಿತು. ಅದನ್ನು ತೀರಿಸಲು ಆಮೇಲೆ ಅದೇ ಊರಿನ ರೈಲು ನಿಲ್ದಾಣದಲ್ಲಿರುವ ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಬೇಕಾಯಿತು. ನಮಸ್ಕಾರ ಹೇಳಹೊರಟವನಿಗೆ ಬಿದ್ದ ದಂಡವಿದು.

ಆಟವನ್ನು ಪ್ರೀತಿಸುವವರು ಇದಕ್ಕೆ ಸಮರ್ಥನೆ ಕೊಡುತ್ತಾರೆ. ನನ್ನ ಸೋದರಳಿಯನೂ ಕೊಟ್ಟ. ಇದು ಬೇಕೆಂದೇ ನಿಧಾನವಾಗಿ ಕಟ್ಟಿದ ಆಟ, ಆರ್ಥರ್ ತೂಕವುಳ್ಳ ಮನುಷ್ಯ, ಗುಂಡಿ ಒತ್ತಿದ ಕೂಡಲೇ ಗೊಂಬೆಯಂತೆ ಕುಣಿಯುವುದಿಲ್ಲ ಎಂಬುದು ಅವರ ವಾದ. ಇದರಲ್ಲಿ ಅರ್ಧ ಒಪ್ಪುತ್ತೇನೆ. ನಡೆಯುವಾಗ ಅವನ ಒಂದು ಚಲನೆ ಮುಗಿದ ಮೇಲಷ್ಟೇ ಇನ್ನೊಂದು ಶುರುವಾಗುತ್ತದೆ, ಡಕಾಯಿತರ ಶಿಬಿರದೊಳಗೆ ಓಡಲು ಬಿಡುವುದೇ ಇಲ್ಲ, ಮೇಜಿನ ಖಾನೆಗಳನ್ನು ಒಂದೊಂದಾಗಿ ಎಳೆದು ನೋಡಬೇಕು, ಜಿಂಕೆಯ ಚರ್ಮ ಸುಲಿಯುವುದನ್ನು ಪೂರ್ತಿ ಕಾಯಬೇಕು. ಇವೆಲ್ಲ ತಾಳ್ಮೆ ಕೇಳುವ ಸಂಗತಿಗಳು. ಭಾನುವಾರದ ಮಧ್ಯಾಹ್ನ ನನ್ನಲ್ಲಿ ತಾಳ್ಮೆಗೆ ಬರವಿರಲಿಲ್ಲ. ಆದರೆ ನಿಧಾನ ಬೇರೆ, ಗೊಂದಲ ಬೇರೆ. ಸ್ನೇಹಕ್ಕೂ ಬೆದರಿಕೆಗೂ ಒಂದೇ ಗುಂಡಿಯನ್ನಿಟ್ಟು, ಅದು ಈಗ ಯಾವ ಕೆಲಸ ಮಾಡುತ್ತದೆ ಎಂಬುದನ್ನು ಪರದೆಯ ಬಲಮೂಲೆಯ ಸಣ್ಣ ಅಕ್ಷರಗಳಲ್ಲಿ ಓದಿಕೊಳ್ಳಿ ಎಂದರೆ, ಅದರಿಂದ ಆರ್ಥರನ ತೂಕವೇನೂ ಹೆಚ್ಚುವುದಿಲ್ಲ.

ನಮ್ಮ ಘಟಕದ ಹೊಲಿಗೆ ಯಂತ್ರದ ಮುಂದೆ ಕುಳಿತವರು ಕೈಕಾಲುಗಳ ಕಡೆ ನೋಡುವುದೇ ಇಲ್ಲ. ಪಾದದಿಂದ ಪೆಡಲ್ ಒತ್ತಿದರೆ ಸೂಜಿ ಓಡುತ್ತದೆ, ಮೊಣಕಾಲಿನಿಂದ ಪಕ್ಕದ ಸನ್ನೆಯನ್ನು ತಳ್ಳಿದರೆ ಬಟ್ಟೆಯನ್ನು ಅದುಮಿ ಹಿಡಿದ ಯಂತ್ರದ ಪಾದ ಮೇಲೇಳುತ್ತದೆ. ಬಟ್ಟೆ ದಪ್ಪವಿರಲಿ ತೆಳುವಿರಲಿ, ಪೆಡಲಿನ ಕೆಲಸ ಬದಲಾಗುವುದಿಲ್ಲ. ಆದ್ದರಿಂದಲೇ ಅವರ ಗಮನವೆಲ್ಲ ಹೊಲಿಗೆಯ ಮೇಲೆ ಇರುತ್ತದೆ. ಆಟದಲ್ಲಿ ನನ್ನ ಗಮನ ಮಾತ್ರ ಆ ಅದ್ಭುತ ಬೆಟ್ಟಗುಡ್ಡಗಳ ಮೇಲಿರದೆ ಮೂಲೆಯ ಅಕ್ಷರಗಳ ಮೇಲೆಯೇ ಇತ್ತು.

ಸಂಜೆ ಬೇಟೆಗೆ ಹೋದೆವು. ಕುದುರೆ ಇಳಿದು, ಹುಲ್ಲಿನಲ್ಲಿ ಬಗ್ಗಿ ನಡೆದು, ಜಿಂಕೆಯ ಸಮೀಪ ಹೋಗಿ ರೈಫಲ್ ಹುಡುಕಿದರೆ ಅದು ಕುದುರೆಯ ಜೀನಿನಲ್ಲೇ ಉಳಿದಿತ್ತು. ಇಳಿಯುವ ಮೊದಲು ನೆನಪಿಟ್ಟು ತೆಗೆದುಕೊಳ್ಳದಿದ್ದರೆ ಉದ್ದದ ಬಂದೂಕುಗಳು ಅಲ್ಲೇ ಉಳಿಯುತ್ತವೆ. ಹುಡುಗ ಬಿದ್ದುಬಿದ್ದು ನಕ್ಕ. ಅಕ್ಕ ಚಹಾ ತಂದಿಟ್ಟು, “ಇಷ್ಟು ಬೈಕೋತ ಯಾಕ ಆಡಬೇಕಪ್ಪ?” ಎಂದಳು. ಕಥೆ ಅಷ್ಟು ಚೆನ್ನಾಗಿದೆ ಎಂಬುದರ ಹೊರತು ಅವಳಿಗೆ ಕೊಡಲು ನನ್ನ ಬಳಿ ಬೇರೆ ಉತ್ತರವಿರಲಿಲ್ಲ.

ಆಟವನ್ನು ಈಗಲೂ ರಜೆಯ ದಿನಗಳಲ್ಲಿ ಮುಂದುವರಿಸುತ್ತಿದ್ದೇನೆ. ಊರು ಹತ್ತಿರವಾದೊಡನೆ ಎಲ್1 ಎಂಬ ಇನ್ನೊಂದು ಗುಂಡಿ ತಟ್ಟಿ ಆಯುಧವನ್ನು ಒರೆಗೆ ಸೇರಿಸುವುದನ್ನು ಸೋದರಳಿಯ ಕಲಿಸಿಕೊಟ್ಟಿದ್ದಾನೆ. ಅದನ್ನು ತಪ್ಪದೆ ಮಾಡಿದರೂ ಎಲ್2 ಗುಂಡಿಯ ಮೇಲೆ ನಂಬಿಕೆ ಹುಟ್ಟಿಲ್ಲ. ವ್ಯಾಲೆಂಟೈನಿನಲ್ಲಿ ಎದುರಾದವರೇ ಮೊದಲು ಮಾತನಾಡಿಸಿದರೂ ನಾನು ಯಾರಿಗೂ ನಮಸ್ಕಾರ ಹೇಳುವುದಿಲ್ಲ.