ನೆಲ ತಟ್ಟಿ ನಿಂತ ಹುಡುಗರು

2022ರ ಮಾರ್ಚ್ 24, ಗುರುವಾರ. ಸ್ಯಾನ್ ಫ್ರಾನ್ಸಿಸ್ಕೋದ ಚೇಸ್ ಸೆಂಟರ್‌ನಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿ ಹದಿನಾರು ತಂಡಗಳ ಘಟ್ಟಕ್ಕೆ ಬಂದಿತ್ತು. ಒಂದೇ ಟಿಕೆಟ್ಟಿಗೆ ಎರಡು ಮ್ಯಾಚು. ಮೊದಲು ಗೊನ್ಜಾಗಾ ಮತ್ತು ಆರ್ಕನ್ಸಾ, ಅದಾದ ಮೇಲೆ ಡ್ಯೂಕ್ ಮತ್ತು ಟೆಕ್ಸಸ್ ಟೆಕ್. ಟಿಕೆಟ್ ತೆಗೆಸಿದವನು ನನ್ನ ಅಕ್ಕನ ಮಗ. ಡ್ಯೂಕ್‌ನಲ್ಲಿ ಮಾಸ್ಟರ್ಸ್ ಓದಿ ಈ ಕಡೆ ಕೆಲಸಕ್ಕೆ ಬಂದವನು. "ಮಾಮ, ಇವತ್ತು ಸೋತ್ರೆ ಕೋಚ್ ಕೆದು ಇದೇ ಕೊನೇ ಮ್ಯಾಚು. ನೀವು ಬರ್ಲೇಬೇಕು" ಅಂತ ಎರಡು ದಿನ ಹಿಂದೆ ಬಿದ್ದಿದ್ದ. ನಾನು ಸನ್ನಿವೇಲ್‌ನಿಂದ ಕ್ಯಾಲ್‌ಟ್ರೇನ್ ಹತ್ತಿ ಹೊರಟೆ.

ಕೋಚ್ ಕೆ ಅಂದರೆ ಮೈಕ್ ಶಶೆಫ್‌ಸ್ಕಿ. ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯಲ್ಲಿ ಆಡಿ, ಸೈನ್ಯದಲ್ಲಿ ಇದ್ದು, 1980ರಲ್ಲಿ ಡ್ಯೂಕ್‌ಗೆ ಬಂದವರು. 1991, 1992, 2001, 2010, 2015ರಲ್ಲಿ ಐದು ಸಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆಲ್ಲಿಸಿದವರು. ಈ ಸೀಸನ್ ಮುಗಿದರೆ ಸಾಕು ಅಂತ ಹಿಂದಿನ ವರ್ಷವೇ ಹೇಳಿಬಿಟ್ಟಿದ್ದರು. ಹಾಗಾಗಿ ಟೂರ್ನಿಯ ಒಂದೊಂದು ಮ್ಯಾಚೂ ಅವರ ಕೊನೆಯದಾಗಬಹುದಿತ್ತು. ಆ ಭಾರವೆಲ್ಲ ಹದಿನೆಂಟು, ಹತ್ತೊಂಬತ್ತು ವರ್ಷದ ಹುಡುಗರ ಹೆಗಲ ಮೇಲೆ. ಅದರಲ್ಲೂ ಆ ತಿಂಗಳ ಶುರುವಿನಲ್ಲಿ, ಡ್ಯೂಕ್ ಅಂಗಳದಲ್ಲಿ ಅವರ ಕೊನೆಯ ಮ್ಯಾಚಿನಲ್ಲಿ, ಬದ್ಧವೈರಿ ನಾರ್ತ್ ಕೆರೊಲಿನಾ 94–81ರಲ್ಲಿ ಹೊಡೆದು ಹೋಗಿತ್ತು. ಹಳೆಯ ಆಟಗಾರರೆಲ್ಲ ಸೂಟು ಹಾಕಿಕೊಂಡು ಬಂದು ಕೂತಿದ್ದ ದಿನ ಅದು. ಅಕ್ಕನ ಮಗ ಆ ರಾತ್ರಿ ನನ್ನ ಫೋನನ್ನೂ ಎತ್ತಿರಲಿಲ್ಲ.

ಇವನ ಡ್ಯೂಕ್ ಪ್ರೀತಿ ಓದಿನಿಂದ ಬಂದದ್ದಲ್ಲ, ಪಾರ್ಕಿಂಗ್ ಜಾಗದಲ್ಲಿ ಮಲಗಿ ಬಂದದ್ದು. ಅಲ್ಲಿ ಮಾಸ್ಟರ್ಸ್, ಪಿಎಚ್‌ಡಿ ಓದುವವರಿಗೆ ಸೀಸನ್ ಟಿಕೆಟ್ ಬೇಕೆಂದರೆ ಸೆಪ್ಟೆಂಬರ್‌ನಲ್ಲಿ ಒಂದು ವಾರಾಂತ್ಯ ಬಯಲಲ್ಲಿ ಟೆಂಟ್ ಹಾಕಬೇಕು. ರಾತ್ರಿ ಯಾವ ಹೊತ್ತಿಗಾದರೂ ಹಾರ್ನ್ ಊದುತ್ತಾರೆ, ಊದಿದ ಕೂಡಲೇ ಎದ್ದು ಓಡಿ ಹೆಸರು ಹಚ್ಚಬೇಕು, ತಪ್ಪಿದರೆ ಲಾಟರಿಯಿಂದ ಹೊರಗೆ. ಇವನಿಗೆ ಲಾಟರಿ ಹತ್ತಿತು. ಡ್ಯೂಕ್ ತಂಡದ ಮನೆಯಂಗಳ ಕ್ಯಾಮೆರಾನ್ ಇಂಡೋರ್ ಸ್ಟೇಡಿಯಂ 1940ರಲ್ಲಿ ಕಟ್ಟಿದ್ದು, ಹಿಡಿಸುವುದು 9,314 ಜನ ಅಷ್ಟೇ. ವಿದ್ಯಾರ್ಥಿಗಳು ಅಂಗಳಕ್ಕೆ ಅಂಟಿಕೊಂಡೇ ನಿಂತಿರುತ್ತಾರೆ. ಗೆರೆಯ ಹೊರಗಿಂದ ಚೆಂಡು ಕೊಡಲು ಬಂದ ಎದುರಾಳಿಯ ಬೆನ್ನಿಗೆ ತಾಗುವಷ್ಟು ಹತ್ತಿರ ಇವರ ಕೈಗಳು ಆಡುತ್ತಿರುತ್ತವೆ.

ನೆಲ ತಟ್ಟುವ ವಿಷಯ ನನಗೆ ಮೊದಲು ಹೇಳಿದವನೂ ಅವನೇ. ಎದುರಾಳಿ ಚೆಂಡು ತರುತ್ತಿದ್ದಾನೆ, ಮ್ಯಾಚು ಬಿಗಿಯಾಗಿದೆ, ಈ ಒಂದು ಸಲ ಅವರಿಗೆ ಬ್ಯಾಸ್ಕೆಟ್ ಕೊಡಲೇಬಾರದು. ಆಗ ಡ್ಯೂಕ್ ಆಟಗಾರ ಬಗ್ಗಿ ಎರಡೂ ಅಂಗೈಯಿಂದ ನೆಲಕ್ಕೆ ಪಟ್ ಅಂತ ಬಡಿದು ಡಿಫೆನ್ಸ್‌ಗೆ ನಿಲ್ಲುತ್ತಾನೆ. ಬೇರೆ ತಂಡಗಳೂ ಮಾಡುತ್ತವೆ, ಆದರೆ ಕಾಲೇಜು ಆಟದಲ್ಲಿ ಅದರ ಜೊತೆ ಮೊದಲು ನೆನಪಾಗುವ ಹೆಸರು ಡ್ಯೂಕ್. ಡ್ಯೂಕ್‌ನೊಳಗೆ ಕೇಳಿದರೆ ಸ್ಟೀವ್ ವೊಜಹೌಸ್ಕಿ, ಎಲ್ಲರ ಬಾಯಲ್ಲಿ ವೊಜೊ. 1994ರಿಂದ 1998ರವರೆಗೆ ಆಡಿದ ಪಾಯಿಂಟ್ ಗಾರ್ಡ್, ಎತ್ತರ ಆರಡಿಗೆ ಒಂದಿಂಚು ಕಮ್ಮಿ. ಎಗರಿ ಡಂಕ್ ಮಾಡುವ ಆಟಗಾರನಲ್ಲ, ರಾಶಿ ಪಾಯಿಂಟ್ ಹೊಡೆಯುವವನೂ ಅಲ್ಲ. 1998ರಲ್ಲಿ ದೇಶದ ಅತ್ಯುತ್ತಮ ಡಿಫೆನ್ಸ್ ಆಟಗಾರ ಅಂತ ಪ್ರಶಸ್ತಿ ಪಡೆದವನು. ಕ್ಯಾಮೆರಾನ್‌ನಲ್ಲಿ ಅವನ ಕೊನೆಯ ಮ್ಯಾಚು ನಾರ್ತ್ ಕೆರೊಲಿನಾ ಮೇಲೆ. ದ್ವಿತೀಯಾರ್ಧದಲ್ಲಿ 17 ಪಾಯಿಂಟ್ ಹಿಂದೆ ಬಿದ್ದಿದ್ದ ಡ್ಯೂಕ್ 77–75ರಲ್ಲಿ ಗೆದ್ದಿತು, ಅದು ಡ್ಯೂಕ್‌ನಲ್ಲಿ ಕೋಚ್ ಕೆ ಅವರ 500ನೇ ಗೆಲುವು. ಅವತ್ತು ವೊಜೊ ಹೊಡೆದದ್ದು ಒಂದೇ ಒಂದು ಪಾಯಿಂಟ್. ಆದರೂ ಮ್ಯಾಚು ಮುಗಿದಾಗ ಓಡಿ ಹೋಗಿ ಕೋಚನ್ನು ತಬ್ಬಿ ನಿಂತ ಚಿತ್ರ ಇವತ್ತಿಗೂ ಡ್ಯೂಕ್‌ನವರ ಮನೆಗಳಲ್ಲಿದೆ. ಒಂದು ಪಾಯಿಂಟ್ ಹೊಡೆದವನನ್ನು ಊರು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತದೆ ಅಂದರೆ ಆ ಊರಿಗೆ ಆಟ ಗೊತ್ತು ಅಂತಲೇ ನನ್ನ ಲೆಕ್ಕ.

ನಾನು ಕಾಲೇಜಿಗೆ ಆಡಿದ್ದು ಮೈಸೂರಿನಲ್ಲಿ, ಸಿಮೆಂಟು ಕೋರ್ಟಿನ ಮೇಲೆ. ಬೆಳಿಗ್ಗೆ ಆರಕ್ಕೆ ನಾವೇ ಪೊರಕೆ ಹಿಡಿದು ಮರಳು ಗುಡಿಸಿ ಶುರು ಮಾಡಬೇಕಿತ್ತು. ನಮ್ಮ ಕೋಚ್ ಸರ್ ಶೂಟಿಂಗ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡವರಲ್ಲ. "ಕೂತ್ಕೊಂಡು ಆಡ್ರೋ, ಸೊಂಟ ಇಳ್ಸ್ರೋ" ಅನ್ನುವುದೊಂದೇ ಮಾತು, ಬೆಳಗ್ಗೆ ಸಂಜೆ. ಡಿಫೆನ್ಸ್ ಅಂದರೆ ಕುರ್ಚಿಯಿಲ್ಲದೆ ಕೂರುವುದು. ಮಂಡಿ ಬಗ್ಗಿರಬೇಕು, ಭಾರ ಮುಂಗಾಲಿನ ಮೇಲಿರಬೇಕು, ಬೆನ್ನು ನೆಟ್ಟಗಿರಬೇಕು, ಕೈ ಹರಡಿರಬೇಕು, ಪಕ್ಕಕ್ಕೆ ಜಾರುವಾಗ ಕಾಲಿಗೆ ಕಾಲು ಕೂಡಬಾರದು. ಹತ್ತು ನಿಮಿಷ ಹಾಗೆ ಜಾರಿದರೆ ತೊಡೆಯಲ್ಲಿ ಬೆಂಕಿ ಏಳುತ್ತದೆ. ದಣಿದ ಆಟಗಾರ ಮೊದಲು ಮಾಡುವ ಕೆಲಸವೇ ಎದ್ದು ನಿಲ್ಲುವುದು. ಅವನು ಎದ್ದದ್ದು ಎದುರಾಳಿಗೆ ಕಂಡ ಮರುಕ್ಷಣ ಚೆಂಡು ಅವನನ್ನು ದಾಟಿಬಿಟ್ಟಿರುತ್ತದೆ.

ಇಷ್ಟು ಆಡಿದವನಾದ್ದರಿಂದ ನೆಲ ತಟ್ಟುವುದರಲ್ಲಿ ನನಗೆ ಮೊದಲು ಕಂಡದ್ದು ಆವೇಶವಲ್ಲ, ಅದರೊಳಗಿನ ಕಸರತ್ತು. ನಿಂತುಕೊಂಡು ಯಾರೂ ನೆಲ ತಟ್ಟಲಾರರು. ತಟ್ಟಬೇಕೆಂದರೆ ಮಂಡಿ ಬಗ್ಗಲೇಬೇಕು, ಸೊಂಟ ಇಳಿಯಲೇಬೇಕು. ಏಳಡಿ ಎತ್ತರದವನಾದರೆ ಇನ್ನೂ ಆಳಕ್ಕೆ ಹೋಗಬೇಕು. ತಟ್ಟಿ ಕೈ ಎತ್ತುವಾಗ ಮೈ ತಾನಾಗಿ ಸರಿಯಾದ ಭಂಗಿಯಲ್ಲಿರುತ್ತದೆ. ನಮ್ಮ ಸರ್ ವರ್ಷಗಟ್ಟಲೆ ಕೂಗಿ ಮಾಡಿಸಿದ್ದನ್ನು ಆ ಒಂದು ಏಟು ಮಾಡಿಸಿಬಿಡುತ್ತದೆ. ಸಿಮೆಂಟಿನ ಮೇಲೆ ನಮಗೆ ಇದು ಹೊಳೆಯುವ ಸಂಭವವೇ ಇರಲಿಲ್ಲ, ಅಂಗೈ ಕಿತ್ತು ಬರುತ್ತಿತ್ತು. ಇಲ್ಲಿ ಮೇಪಲ್ ಹಲಗೆಯ ನೆಲ. ಅದು ಏಟನ್ನು ನುಂಗದೆ ತಿರುಗಿ ಸದ್ದು ಕೊಡುತ್ತದೆ.

ಮ್ಯಾಚಿಗೆ ಬರುತ್ತೇನೆ. ಚೇಸ್ ಸೆಂಟರ್ ಕ್ಯಾಮೆರಾನ್‌ನ ಎರಡರಷ್ಟು ಜನ ಹಿಡಿಸುವ ಜಾಗ, ನಮ್ಮ ಸೀಟು ಮೇಲಿನ ಅಂತಸ್ತಿನಲ್ಲಿ. ಮೊದಲ ಮ್ಯಾಚಿನಲ್ಲಿ ಇಡೀ ಟೂರ್ನಿಯ ನಂಬರ್ ಒನ್ ಗೊನ್ಜಾಗಾವನ್ನು ಆರ್ಕನ್ಸಾ 74–68ರಲ್ಲಿ ಕೆಡವಿತು. ನಮ್ಮ ಸಾಲಿನಲ್ಲಿದ್ದ ಗೊನ್ಜಾಗಾ ಕುಟುಂಬವೊಂದು ಎರಡನೇ ಮ್ಯಾಚಿಗೆ ಕಾಯದೆ ಎದ್ದು ಹೋಯಿತು. ಅವರ ಖಾಲಿ ಸೀಟುಗಳಲ್ಲಿ ಕೆಂಪು ಅಂಗಿಯ ಟೆಕ್ಸಸ್ ಟೆಕ್‌ನವರು ಬಂದು ಕೂತರು.

ಟೆಕ್ ಆ ವರ್ಷ ದೇಶದಲ್ಲೇ ಅತಿ ಬಿಗಿ ಡಿಫೆನ್ಸ್ ಆಡುತ್ತಿದ್ದ ತಂಡ. ಚೆಂಡು ಹಿಡಿದವನನ್ನು ಅಂಗಳದ ನಡುವಿಗೆ ಬಿಡುವುದೇ ಇಲ್ಲ, ಅಂಚಿಗೆ ಒತ್ತಿ ಒತ್ತಿ ಉಸಿರು ಕಟ್ಟಿಸುತ್ತಾರೆ. ಮೊದಲರ್ಧ ಮುಗಿದಾಗ ಅವರೇ ಮುಂದಿದ್ದರು. ಡ್ಯೂಕ್ ದ್ವಿತೀಯಾರ್ಧದಲ್ಲಿ ಜೋನ್‌ಗೆ ಇಳಿಯಿತು. ಅಂದರೆ ಒಬ್ಬೊಬ್ಬನಿಗೆ ಒಬ್ಬೊಬ್ಬ ಎದುರಾಳಿ ಅಂತಿಲ್ಲ, ಒಂದೊಂದು ಜಾಗ ಕಾಯುವುದು. ಕೋಚ್ ಕೆ ಬದುಕಿಡೀ ಕಲಿಸಿದ್ದು ಮ್ಯಾನ್-ಟು-ಮ್ಯಾನ್. ನಿನ್ನ ಆಳು ನಿನ್ನ ಹೊಣೆ, ಅವನು ದಾಟಿದರೆ ಇಡೀ ಊರಿಗೆ ಕಾಣುತ್ತದೆ ಯಾರನ್ನು ದಾಟಿದ ಅಂತ. ಪಕ್ಕದಲ್ಲಿ ಕೂತಿದ್ದ ಹುಡುಗನಿಗೆ ಜೋನ್ ನೋಡಿ ಸಮಾಧಾನವಿಲ್ಲ. "ಇದು ನಮ್ಮಾಟ ಅಲ್ಲ ಮಾಮ" ಅಂತ ಉಗುರು ಕಚ್ಚುತ್ತಿದ್ದ. ನನಗೆ ಮಾತ್ರ ಜೋನ್ ಸರಿಯೆನಿಸಿತ್ತು, ಟೆಕ್‌ನ ಓಟ ಅದರಿಂದ ನಿಧಾನವಾಗಿತ್ತು.

ಲೀಡು ಆ ಕಡೆ ಈ ಕಡೆ ಆಡುತ್ತಾ ಕೊನೆಯ ನಿಮಿಷಗಳಿಗೆ ಬಂತು. ಮೂರು ನಿಮಿಷ ಉಳಿದಿರುವ ಆಸುಪಾಸಿನಲ್ಲಿ ಡ್ಯೂಕ್‌ನ ಪಾವ್ಲೊ ಬ್ಯಾಂಕೇರೊ ದೂರದಿಂದ ತ್ರೀ, ಅಂದರೆ ಮೂರು ಪಾಯಿಂಟಿನ ಶಾಟ್, ಹಾಕಿದ. ಅಷ್ಟರಲ್ಲಿ ಡ್ಯೂಕ್ ಮತ್ತೆ ಮ್ಯಾನ್-ಟು-ಮ್ಯಾನ್‌ಗೆ ಬಂದಿರುವುದು ಗೊತ್ತಾಯಿತು. ಟೆಕ್ ಹುಡುಗ ಚೆಂಡು ಪುಟಿಸುತ್ತಾ ನಿಧಾನ ಬರುತ್ತಿದ್ದ. ಮೇಲಿಂದ ನೋಡುತ್ತಿದ್ದ ನಮಗೆ ಬಿಳಿ ಅಂಗಿಯ ಬೆನ್ನುಗಳು ಒಮ್ಮೆಲೇ ಕೆಳಗೆ ಹೋದದ್ದು ಕಂಡಿತು. ಕೈಗಳು ನೆಲಕ್ಕೆ ಬಿದ್ದವು, ಎದ್ದವು. ಸದ್ದು ಕೇಳಲಿಲ್ಲ, ಅಷ್ಟು ಗದ್ದಲ. ಅಕ್ಕನ ಮಗ ನನ್ನ ಭುಜ ಹಿಡಿದು ಎಷ್ಟು ಗಟ್ಟಿಯಾಗಿ ಅಲುಗಾಡಿಸಿದ ಅಂದರೆ ನನ್ನ ಕನ್ನಡಕ ಮೂಗಿನಿಂದ ಜಾರಿತು. "ತಟ್ಟಿದ್ರು ಮಾಮ! ನೋಡಿದ್ರಾ? ತಟ್ಟಿದ್ರು!" ಬ್ಯಾಂಕೇರೊನ ತ್ರೀಗೂ ಅವನು ಹಾಗೆ ಕೂಗಿರಲಿಲ್ಲ. ಕೆಳಗೆ ಡ್ಯೂಕ್‌ನವರಿದ್ದ ಭಾಗದಲ್ಲಿ ತಲೆ ನೆರೆತವರೂ ಎದ್ದು ಮುಷ್ಟಿ ಬೀಸುತ್ತಿದ್ದರು.

ಮೈಸೂರು ದಸರಾ ಕುಸ್ತಿಯಲ್ಲಿ ಪೈಲ್ವಾನ ಮಟ್ಟಿಗಿಳಿದು ತೊಡೆ ತಟ್ಟುವುದನ್ನು ನೋಡಿ ಬೆಳೆದವನು ನಾನು. ಆ ಸದ್ದು ಎದುರಿಗಿರುವವನಿಗೆ, ಬಾ ನೋಡೇಬಿಡೋಣ ಅಂತ. ಇದೂ ಅಂಥದ್ದೇ ಅಂತ ಬಹುಕಾಲ ಅಂದುಕೊಂಡಿದ್ದೆ. ಅವತ್ತು ಅಷ್ಟು ಎತ್ತರದಿಂದ ನೋಡಿದಾಗ ಬೇರೆ ಥರ ಕಂಡಿತು. ತಟ್ಟುವಾಗ ಅವರ ಕಣ್ಣು ಎದುರಾಳಿಯ ಮೇಲಿದ್ದರೂ ಮಾತು ಪಕ್ಕದಲ್ಲಿರುವ ನಾಲ್ವರಿಗೆ. ನಾನು ಎದ್ದು ನಿಲ್ಲುವುದಿಲ್ಲ, ನನ್ನ ಆಳನ್ನು ಬಿಡುವುದಿಲ್ಲ, ನಿನ್ನವನು ದಾಟಿದರೆ ನಾನಿದ್ದೇನೆ. ಕೋಚ್ ಕೆ ಐದು ಬೆರಳು ಸೇರಿ ಮುಷ್ಟಿಯಾಗುವುದನ್ನು ತೋರಿಸಿ ತಂಡ ಅಂದರೇನೆಂದು ವಿವರಿಸುತ್ತಿದ್ದವರು. ಅವರ ಹುಡುಗರು ಅದನ್ನೇ ಅಂಗೈ ಬಿಚ್ಚಿ ಹೇಳುತ್ತಿದ್ದರು.

ಮತ್ತೆ ಇದಕ್ಕೊಂದು ಬೆಲೆಯೂ ಇದೆ. ಸಾವಿರಾರು ಜನರ ಎದುರು, ಟೀವಿ ಮುಂದೆ ಲಕ್ಷಾಂತರ ಜನರ ಎದುರು, ನೆಲ ತಟ್ಟಿದ ಮೇಲೆ ಎದುರಾಳಿ ಐದು ಸೆಕೆಂಡಿನಲ್ಲಿ ಬ್ಯಾಸ್ಕೆಟ್ ಹಾಕಿಬಿಟ್ಟರೆ? ಡ್ಯೂಕ್‌ಗೆ ಹಾಗೂ ಆಗಿದೆ. ಅಂಥ ತುಣುಕುಗಳನ್ನು ನಾರ್ತ್ ಕೆರೊಲಿನಾದವರು ಜೋಪಾನ ಮಾಡಿಟ್ಟುಕೊಂಡು ನಗುತ್ತಾರೆ. ಇದು ಬರೀ ತೋರಿಕೆ, ಆಡಲು ಬಂದವನು ಸುಮ್ಮನೆ ಆಡಲಿ ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಶಾಟ್ ಕ್ಲಾಕ್, ಅಂದರೆ ಚೆಂಡು ಸಿಕ್ಕ ತಂಡ ಶಾಟ್ ಹೊಡೆಯಲೇಬೇಕಾದ ಗಡುವು, ಮೂವತ್ತು ಸೆಕೆಂಡು. ಆ ಮೂವತ್ತು ಸೆಕೆಂಡಿಗೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲದ ಹಾಗೆ ತನ್ನನ್ನು ತಾನೇ ಎಲ್ಲರೆದುರು ಕಟ್ಟಿಹಾಕಿಕೊಳ್ಳುವವನಿಗೆ ತೋರಿಕೆ ಅನ್ನುವುದು ಅನ್ಯಾಯ. ಸುಮ್ಮನೆ ಆಡುವವನು ದಣಿದಾಗ ಸುಮ್ಮನೆ ಎದ್ದೂ ನಿಲ್ಲಬಹುದು.

ಡ್ಯೂಕ್ ತನ್ನ ಕೊನೆಯ ಎಂಟೂ ಶಾಟ್ ಹಾಕಿ 78–73ರಲ್ಲಿ ಗೆದ್ದಿತು. ಜೆರೆಮಿ ರೋಚ್ ಟೆಕ್‌ನ ಅಷ್ಟು ಬಿಗಿ ಡಿಫೆನ್ಸ್ ಸೀಳಿಕೊಂಡು ಹೋಗಿ ಹಾಕಿದ ಬ್ಯಾಸ್ಕೆಟ್‌ಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಮ್ಯಾಚು ಮುಗಿದ ಮೇಲೆ ಕೋಚ್ ಹೇಳಿದ್ದನ್ನು ನಾವು ಫೋನಿನಲ್ಲಿ ನೋಡಿದೆವು. ಜೋನ್ ಬಿಟ್ಟು ಮ್ಯಾನ್-ಟು-ಮ್ಯಾನ್ ಆಡುತ್ತೇವೆ ಅಂತ ಹುಡುಗರೇ ಕೇಳಿದ್ದಂತೆ. ಕೇಳಿದ್ದು ಕೊಟ್ಟರು ಕೋಚ್.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇದೇ. ವೊಜೊ ನಾಲ್ಕು ವರ್ಷ ಆಡಿದವನು, ಮುಂದೆ ಅದೇ ತಂಡಕ್ಕೆ ವರ್ಷಗಟ್ಟಲೆ ಸಹಾಯಕ ಕೋಚ್ ಆಗಿದ್ದವನು. ನೆಲ ತಟ್ಟುವುದು ಅಂಥವರ ಆಸ್ತಿ ಅಂತ ಹಳಬರು ಭಾವಿಸಿದರೆ ತಪ್ಪಿಲ್ಲ. ಈ ಹುಡುಗರು ಹಾಗಲ್ಲ. ಬ್ಯಾಂಕೇರೊ, ಎಜೆ ಗ್ರಿಫಿನ್, ಟ್ರೆವರ್ ಕೀಲ್ಸ್ ಮೊದಲ ವರ್ಷದವರು. ಜೂನ್ ಬಂದರೆ ವೃತ್ತಿಪರರ ಲೀಗ್ ಎನ್‌ಬಿಎಗೆ ಹೊರಡುವವರು ಅಂತ ಎಲ್ಲರಿಗೂ ಗೊತ್ತಿತ್ತು. ಹಾಗೇ ಆಯಿತು, ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಆ ಬೇಸಿಗೆಯ ಡ್ರಾಫ್ಟ್‌ನಲ್ಲಿ ಡ್ಯೂಕ್‌ನ ಐವರು ಹೋದರು, ಬ್ಯಾಂಕೇರೊ ಎಲ್ಲರಿಗಿಂತ ಮೊದಲಿಗನಾಗಿ ಆಯ್ಕೆಯಾದ. ಒಂದೇ ವರ್ಷಕ್ಕೆ ಬಂದು ಹೋಗುವ ಹುಡುಗರಿಗೆ ಕಾಲೇಜಿನ ಮೇಲೆ ಏನು ಅಭಿಮಾನ ಇರುತ್ತದೆ ಅಂತ ಕೇಳುವವರು ಬಹಳ. ಬ್ಯಾಂಕೇರೊ ಹುಟ್ಟುವ ಮೊದಲೇ ವೊಜೊ ಆಡಿ ಮುಗಿಸಿದ್ದ. ಆದರೂ ಸೋಲಿನ ಅಂಚಿನಲ್ಲಿ ನಿಂತಾಗ ಅವರ ಕೈ ಹೋದದ್ದು ತಮಗಿಂತ ಮೊದಲು ಅಲ್ಲಿ ಆಡಿದವರು ತಟ್ಟಿದ ಹಾಗೇ ನೆಲಕ್ಕೆ. ಯಾರೂ ಆಜ್ಞೆ ಮಾಡಿರಲಿಲ್ಲ. ಸಂಪ್ರದಾಯ ಕೈದಾಟುವುದಕ್ಕೆ ವರ್ಷಗಟ್ಟಲೆ ಒಟ್ಟಿಗಿರಬೇಕು ಅಂತ ನಂಬಿದ್ದವನು ನಾನು. ಆ ರಾತ್ರಿ ಆ ನಂಬಿಕೆ ಸಡಿಲವಾಯಿತು, ಸಂತೋಷವೂ ಆಯಿತು.

ಹೊರಗೆ ಬಂದರೆ ಕೊಲ್ಲಿಯ ಕಡೆಯಿಂದ ತಣ್ಣನೆ ಗಾಳಿ. ಗೇಟಿನ ಬಳಿ ಗೊನ್ಜಾಗಾ ಟೋಪಿಯವರು ಗುಂಪಾಗಿ ನಿಂತಿದ್ದರು. ತಮ್ಮ ತಂಡ ಗೆಲ್ಲುತ್ತದೆ ಅಂತ ಶನಿವಾರದ ಮ್ಯಾಚಿಗೂ ಮೊದಲೇ ಟಿಕೆಟ್ ತೆಗೆದಿಟ್ಟವರು, ಈಗ ಮಾರಿ ಊರಿಗೆ ಹೋಗುವ ಆತುರ. ಅಕ್ಕನ ಮಗ ಒಬ್ಬ ವಯಸ್ಸಾದವರ ಜೊತೆ ಮಾತಿಗೆ ನಿಂತ. ಅವರು ತಮ್ಮ ತಂಡ ಸೋತ ನೋವಿನಲ್ಲೂ "ನಿಮ್ಮ ಹುಡುಗರು ಕೊನೆಗೆ ಚೆನ್ನಾಗಿ ಡಿಫೆನ್ಸ್ ಆಡಿದರು" ಅಂದರು. ಚೌಕಾಸಿ ಹೆಚ್ಚು ಬೇಕಾಗಲಿಲ್ಲ.

"ಮಾಮ, ಎರಡು ಸೀಟು ಇದೆ, ಕೆಳಗಿನ ಅಂತಸ್ತು. ಶನಿವಾರ ನಿಮಗೆ ಏನಾದ್ರೂ ಕೆಲಸ ಇದ್ಯಾ?"

ಇತ್ತು. ಬಿಟ್ಟೆ. "ತಗೋ" ಅಂದೆ, ಅವನು ಅಲ್ಲೇ ನಿಂತು ಫೋನಿನಲ್ಲಿ ದುಡ್ಡು ಕಳಿಸಿದ. ಶನಿವಾರ ಡ್ಯೂಕ್ ಆರ್ಕನ್ಸಾವನ್ನು 78–69ರಲ್ಲಿ ಸೋಲಿಸಿತು. ಅದರ ಮುಂದಿನ ಶನಿವಾರ, ಏಪ್ರಿಲ್ 2ರಂದು, ನ್ಯೂ ಓರ್ಲಿಯನ್ಸ್‌ನಲ್ಲಿ ಮತ್ತೆ ಅದೇ ನಾರ್ತ್ ಕೆರೊಲಿನಾ ಎದುರಾಗಿ 81–77ರಲ್ಲಿ ಕೋಚ್ ಕೆ ಅವರ ಕೊನೆಯ ಮ್ಯಾಚು ಸೋಲಿನಲ್ಲಿ ಮುಗಿಯಿತು. ಅವತ್ತು ಅಕ್ಕನ ಮಗ ಫೋನ್ ಎತ್ತಿದ. ಒಂದು ಗಂಟೆ ಮಾತಾಡಿದೆವು, ಹೆಚ್ಚಿನಂಶ ಡಿಫೆನ್ಸ್ ಬಗ್ಗೆಯೇ.