ಓದದೇ ಹಾಕಿದ ಸಹಿ

ಬೆಳಿಗ್ಗೆ ಬಾಡಿಗೆ ಮನೆಯ ಕರಾರಿಗೆ ಸಹಿ ಹಾಕಿದೆ. ನಾಲ್ಕು ಪುಟ. ಓದಿದ್ದು ಒಂದೇ, ಅದೂ ಸುಮ್ನೆ ಕಣ್ಣಾಡಿಸಿದ್ದು.

ಯಾಕೋ ಅಮೆರಿಕದ ಸಿಯಾಟಲ್ ಕಡೆಯ, ವಿಮಾನ ತಯಾರಿಸುವ ಬೋಯಿಂಗ್ ಕಂಪನಿಯ ಕಾರ್ಮಿಕರು ನೆನಪಾದರು. 2024ರ ಸೆಪ್ಟೆಂಬರ್. ಕಂಪನಿ ಮುಂದಿಟ್ಟ ಹೊಸ ಕರಾರಿನಲ್ಲಿ ನಾಲ್ಕು ವರ್ಷಕ್ಕೆ 25% ಸಂಬಳ ಏರಿಕೆ. ಯೂನಿಯನ್ ನಾಯಕರೇ ಒಪ್ಪಿಕೊಳ್ಳಿ ಅಂದಿದ್ದರು. ಸದಸ್ಯರು ಕರಾರು ಬಿಡಿಸಿ ನೋಡಿದರು. ವರ್ಷದ ಬೋನಸ್ ಮಾಯ! 2014ರಲ್ಲಿ ಬರೀ 51% ಮತದಲ್ಲಿ ಕೈತಪ್ಪಿದ್ದ ಪಿಂಚಣಿಯೂ ವಾಪಸ್ ಬಂದಿರಲಿಲ್ಲ. 94.6% ಜನ ಬೇಡ ಅಂದರು.

ಕಂಪನಿಗೆ ಬೇಡ ಅನ್ನುವುದು ಸರಿ. ಅದಕ್ಕೂ ಮೊದಲು ತಮ್ಮವರಿಗೇ ಅನ್ನಬೇಕು. ಕಷ್ಟ ಅಲ್ವಾ?

ಏಳು ವಾರ ಮುಷ್ಕರ. ಕೊನೆಗೆ 38% ಸಿಕ್ಕಿತು, ಬೋನಸ್ಸೂ ಉಳಿಯಿತು. ಪಿಂಚಣಿ ಮಾತ್ರ ಇಲ್ಲ.

ಅಂದಹಾಗೆ ನನ್ನ ಮೂರನೇ ಪುಟದಲ್ಲಿ, ಖಾಲಿ ಮಾಡುವಾಗ ಪೇಂಟಿಂಗಿಗೆ ಎರಡು ತಿಂಗಳ ಬಾಡಿಗೆ ಅಂತಿದೆ. ಈಗ ನೋಡಿದೆ.