ಚಪ್ಪಾಳೆ ಯಾರಿಗೆ?

ನವೆಂಬರ್ 9, 2025, ಭಾನುವಾರ
ಡೊಂಬಿವಲಿ

ಮುಂಬೈ ಲೋಕಲ್ ರೈಲಿಗೆ ಹಳಿ ದುರಸ್ತಿಯ ಮೆಗಾಬ್ಲಾಕ್ ಅಂತ ಮಾಟುಂಗಕ್ಕೆ ಹೋಗಲಿಲ್ಲ. ನಾದಿನಿಯ ಮಗಳು ಟಿವಿಯಲ್ಲಿ ಮಲಯಾಳಂ ಸಿನಿಮಾ ‘ಲೋಕಾ’ ಹಾಕಿದಳು. ಕೇರಳದ ಕಥೆಗಳ ಯಕ್ಷಿ ನೀಲಿ ಇಲ್ಲಿ ಚಂದ್ರಾ ಆಗಿ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದಾಳೆ. ಚಂದ್ರಾ ಆದ ಕಲ್ಯಾಣಿ ಪ್ರಿಯದರ್ಶನ್ ಹೊಡೆದಾಟ ಜೋರಾಗಿದೆ. ಎದುರು ಮನೆಯ ಹುಡುಗನಿಗೆ ಬಾಯಿ ಬಿಟ್ಟು ನೋಡುವುದು, ಹೆದರುವುದು, ಇಷ್ಟೇ ಕೆಲಸ. ನನಗೆ ಅದೇ ಇಷ್ಟವಾಯಿತು. ಇಂಥ ಸಿನಿಮಾದಲ್ಲೂ ಬೆಂಗಳೂರಿನ ಹುಡುಗಿಯರನ್ನು ಹೀಯಾಳಿಸುವ ಮಾತಿತ್ತು. ಗಲಾಟೆಯಾದ ಮೇಲೆ ಕ್ಷಮೆ ಕೇಳಿದರು.

ಅತ್ತೆಯವರಿಗೆ ಮಾತ್ರ ‘ಬಾಹುಬಲಿ 2’ರ ದೇವಸೇನೆಯೇ ಸರಿ. "ಕೈ ಹಾಕಿದವನ ಬೆರಳು ಕತ್ತರಿಸಿದಳಲ್ಲ, ಅದು ಧೈರ್ಯ" ಅಂದರು.

ನಿಜವೇ. ಆದರೆ ಆಮೇಲೆ ಏನಾಯಿತು? ಸಂಕೋಲೆ ಹಾಕಿ ಅವಳನ್ನು ಸಭೆಗೆ ತಂದರು. ಗಂಡ ಬಂದ. ನೀನು ಮಾಡಿದ್ದು ತಪ್ಪು, ಕಡಿಯಬೇಕಿದ್ದದ್ದು ಬೆರಳಲ್ಲ ಅಂತ ಹೇಳಿ ಕೈ ಹಾಕಿದವನ ತಲೆಯನ್ನೇ ಹಾರಿಸಿದ. 2017ರಲ್ಲಿ ಥಿಯೇಟರಿನಲ್ಲಿ ಸಿಳ್ಳೆ ಬಿದ್ದದ್ದು ಆ ಏಟಿಗೆ. ನಾನೂ ಚಪ್ಪಾಳೆ ಹೊಡೆದಿದ್ದೆ ಅನ್ನಿ. ತನ್ನ ಜಗಳ ತಾನೇ ಮುಗಿಸಿದವಳ ಕೆಲಸವನ್ನು ಗಂಡ ಇನ್ನೊಮ್ಮೆ ಮಾಡಿ ಹೆಸರು ತಗೊಂಡ. ಅವಳಿಗೆ ಮುಂದೆ ಸಿಕ್ಕಿದ್ದು 25 ವರ್ಷದ ಸರಪಳಿ, ಮಗ ಬಂದು ಬಿಡಿಸುವವರೆಗೆ.

ಹಿಂದಿಯ ‘ಸ್ತ್ರೀ’ ವಾಸಿ. ಅದರ ಚಂದೇರಿ ಊರಿನಲ್ಲಿ ಹೆಣ್ಣು ದೆವ್ವಕ್ಕೆ ಗಂಡಸರೇ ರಾತ್ರಿ ಹೊರಗೆ ಹೋಗಲು ಹೆದರುತ್ತಾರೆ. ಹೆಂಗಸರು ಅವರಿಗೆ ಜೋಪಾನ ಹೇಳುತ್ತಾರೆ. ಅದರ ಬೇರು ನಮ್ಮ ಬೆಂಗಳೂರಿನ ‘ನಾಳೆ ಬಾ’, ರಾತ್ರಿ ಬಾಗಿಲು ತಟ್ಟುವ ದೆವ್ವ ಓದಿ ಹಿಂದಿರುಗಲಿ ಅಂತ ಬರೆಯುತ್ತಿದ್ದ ಮಾತು, ಅಂದಾಗ ಅತ್ತೆ ನಕ್ಕರು. ಅವರ ಬೀದಿಯ ಬಾಗಿಲುಗಳ ಮೇಲೂ ಸೀಮೆಸುಣ್ಣದಲ್ಲಿ ಬರೆದಿದ್ದರಂತೆ. ಬರೆದವರು ಹೆಂಗಸರೇ, ಒಳಗೆ ಮಲಗಿದ್ದ ಗಂಡಂದಿರನ್ನು ಉಳಿಸಿಕೊಳ್ಳಲು!

"ಅತ್ತೆ, ಬಲ ಬರಬೇಕು ಅಂದ್ರೆ ದೆವ್ವನೋ ಯಕ್ಷಿನೋ ಆಗ್ಲೇಬೇಕಾ?" ಅಂತ ನನ್ನನ್ನು ಕೇಳಿದಳು ಹುಡುಗಿ. ನೈಟ್ ಶಿಫ್ಟ್ ಮುಗಿಸಿ ಲೋಕಲ್‌ನಲ್ಲಿ ಬರುವವಳು, ಕೇಳುವ ಹಕ್ಕಿದೆ. ದೇವಸೇನೆ ಇದ್ದಾಳಲ್ಲ ಅಂತ ಅತ್ತೆ ಮತ್ತೆ ಶುರು ಮಾಡಿದರು. ಅಜ್ಜಿ, ಅವಳೂ ರಾಜಕುಮಾರಿಯೇ ಅಂತ ಇವಳು.

‘ಲೋಕಾ’ 300 ಕೋಟಿ ದಾಟಿತು, ಹೆಣ್ಣನ್ನೇ ಮುಂದಿಟ್ಟುಕೊಂಡು. ಎರಡನೇ ಭಾಗವನ್ನೂ ಘೋಷಿಸಿದ್ದಾರೆ. ಅದರಲ್ಲಿ ಟೊವಿನೊ ಥಾಮಸ್ ನಾಯಕ.

"ಮುಗೀತಲ್ಲ" ಅಂತ ರಿಮೋಟ್ ನನ್ನ ಕೈಗೆ ಕೊಟ್ಟಳು.